ಮನೆಯೊಳಗಣ ರಂಗಮಂದಿರ

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಮಗ, ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, “ಅಪ್ಪಾ, ನಿಮಗೂ ಅಮ್ಮನಿಗೂ ಒಂದು ಒಳ್ಳೆಯ ಹೋಂ ಥಿಯೇಟರ್ ಕೊಡಿಸಬೇಕು ಅಂತಿದ್ದೀನಿ. ಯಾವುದು ಬೇಕೋ ನೀವೇ ಆರಿಸಿ, ದುಡ್ಡಿನ ಯೋಚನೆ ಬೇಡ” ಎಂದನು. ಹೋಗುವಾಗ ಬಣ್ಣಬಣ್ಣದ ನಾಲ್ಕಾರು ಪರಿಚಯ ಪತ್ರಗಳನ್ನೂ ಮೇಜಿನ ಮೇಲೆ ಇಟ್ಟು ಹೋದನು. ಒಂದರಲ್ಲಿ 5.1 ಎಂದಿತ್ತು, ಇನ್ನೊಂದರಲ್ಲಿ 7.1, ಮತ್ತೊಂದರಲ್ಲಿ 5.1.2. ಎಲ್ಲದರಲ್ಲಿಯೂ ಸಾವಿರಗಟ್ಟಲೆ ವ್ಯಾಟುಗಳ ಮಾತು.

ಮೂರು ದಶಕಗಳ ಕಾಲ ಹೈಸ್ಕೂಲಿನ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟ ನನಗೆ ಶಬ್ದದ ಅಧ್ಯಾಯ ಪ್ರಿಯವಾದದ್ದು. ಆದರೂ ಆ ಪತ್ರಗಳನ್ನು ಓದಿ ನನಗೆ ಏನೂ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಒಂದು ಯಂತ್ರವನ್ನು ಅರಿಯಬೇಕಾದರೆ ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಎಂದು ಮೊದಲು ಕೇಳಬೇಕು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು. ಆ ಮಾತನ್ನು ಈಗ ನನಗೇ ಹೇಳಿಕೊಂಡು, ಮನೆಗೆ ನಾದವನ್ನು ತಂದುಕೊಳ್ಳುವ ಮನುಷ್ಯನ ಹಂಬಲದ ಇತಿಹಾಸವನ್ನು ತಿರುವಿ ನೋಡಲು ತೊಡಗಿದೆನು. ಓದುತ್ತ ಹೋದಂತೆ, ನಮ್ಮ ಮನೆಯಲ್ಲಿಯೇ ನಡೆಯುತ್ತಿದ್ದ, ಆದರೆ ನನ್ನ ಕಣ್ಣಿಗೆ ಬೀಳದೆ ಇದ್ದ ಒಂದು ಸಂಗತಿಯೂ ತಿಳಿಯಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

‘ಹೋಂ ಥಿಯೇಟರ್’ ಎಂಬ ಶಬ್ದ ಹೊಸದಾದರೂ ಅದರ ಹಿಂದಿನ ಆಸೆ ಬಹಳ ಹಳೆಯದು. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾ ಅದೇರ್ ಎಂಬ ಎಂಜಿನಿಯರನು ಅಲ್ಲಿನ ಒಪೆರಾ ರಂಗದ ಮುಂಭಾಗದಲ್ಲಿ ಟೆಲಿಫೋನಿನ ಪ್ರೇಷಕಗಳನ್ನು ಸಾಲಾಗಿ ಇರಿಸಿ, ತಂತಿಗಳ ಮೂಲಕ ಗಾನವನ್ನು ಪ್ರದರ್ಶನದ ಕೊಠಡಿಗಳಿಗೆ ತಂದನು. ಕೇಳುವವರು ಎರಡು ಕಿವಿಗಳಿಗೂ ಒಂದೊಂದು ಟೆಲಿಫೋನ್ ಹಿಡಿದುಕೊಳ್ಳಬೇಕಾಗಿತ್ತು. ಹಾಗೆ ಹಿಡಿದುಕೊಂಡಾಗ, ಗಾಯಕರು ರಂಗದ ಮೇಲೆ ಎಡದಿಂದ ಬಲಕ್ಕೆ ನಡೆದುಹೋದದ್ದು ಕಣ್ಣಿಗೆ ಕಾಣದಿದ್ದರೂ ಕಿವಿಗೆ ತಿಳಿಯುತ್ತಿತ್ತು. 1890ರಿಂದ ಇದೇ ಏರ್ಪಾಡು ‘ತೆಯಾತ್ರೋಫೋನ್’ ಎಂಬ ಹೆಸರಿನಲ್ಲಿ ಚಂದಾದಾರರ ಮನೆಗಳಿಗೂ ಬಂದಿತು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಅದರ ಚಂದಾದಾರರಲ್ಲಿ ಒಬ್ಬನು. ಅಸ್ವಸ್ಥನಾಗಿ ಬಹುಕಾಲ ಕೋಣೆಯಲ್ಲಿಯೇ ಉಳಿಯುತ್ತಿದ್ದ ಅವನಿಗೆ ಮನೆಗೆ ಬರುವ ರಂಗಮಂದಿರ ವಿಲಾಸದ ವಸ್ತುವಾಗಿರಲಿಲ್ಲ, ಲೋಕದೊಡನೆ ಉಳಿದಿದ್ದ ಒಂದು ಬಾಗಿಲಾಗಿತ್ತು.

ಇಷ್ಟರೊಳಗೆ ಅಮೆರಿಕದಲ್ಲಿ ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಮಾಡಿದ್ದನು. ತವರದ ತೆಳು ಹಾಳೆಯ ಮೇಲೆ ಸೂಜಿ ಕೊರೆದ ಗೆರೆಯಿಂದ ಮಾತು ಮರಳಿ ಹೊರಬಂದಿತ್ತು. 1887ರಲ್ಲಿ ಎಮಿಲ್ ಬರ್ಲಿನರ್ ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯ ದಾರಿ ಹಿಡಿದನು. ಅದೇ ಗ್ರಾಮಫೋನ್. 1902ರಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲ ಗಾಯಕಿ ಅದನ್ನು ಮೂರು ನಿಮಿಷಗಳಿಗೆ ಇಳಿಸಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿದರು. ಮನೆಯ ಪಡಸಾಲೆಗೆ ಸಂಗೀತ ಬಂದಿತು, ಆದರೆ ಯಂತ್ರ ಎಷ್ಟು ಹಿಡಿಯಬಲ್ಲದೋ ಅಷ್ಟೇ ಬಂದಿತು.

ಇಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಎಡಿಸನ್ ಕಂಪೆನಿಯವರು ಊರೂರುಗಳಲ್ಲಿ ‘ನಾದ ಪರೀಕ್ಷೆ’ಗಳನ್ನು ಏರ್ಪಡಿಸಿದರು. ಗಾಯಕಿ ರಂಗದ ಮೇಲೆ ಯಂತ್ರದ ಪಕ್ಕದಲ್ಲಿ ನಿಂತು ಹಾಡುತ್ತಿದ್ದಳು. ನಡುವೆ ದೀಪ ಆರಿಸುತ್ತಿದ್ದರು. ಮತ್ತೆ ದೀಪ ಹತ್ತಿದಾಗ ನೋಡಿದರೆ ಗಾಯಕಿ ಅಲ್ಲಿ ಇರುತ್ತಿರಲಿಲ್ಲ, ಯಂತ್ರವೇ ಹಾಡುತ್ತಿತ್ತು. ಸಭಿಕರು ಬೆರಗಾಗಿ, ವ್ಯತ್ಯಾಸವೇ ತಿಳಿಯಲಿಲ್ಲ ಎನ್ನುತ್ತಿದ್ದರು. ಇಂದು ಆ ತಟ್ಟೆಗಳನ್ನು ಕೇಳಿದರೆ ಕರಕರ ಸದ್ದೇ ಮುಂದಾಗಿ ಬರುತ್ತದೆ. ಅಂದಿನವರ ಕಿವಿ ಮಂದವಾಗಿತ್ತೆಂದು ಇದರ ಅರ್ಥವಲ್ಲ. ಕಿವಿ ತಾನೊಂದೇ ಕೇಳುವುದಿಲ್ಲ, ಮನಸ್ಸಿನ ನಿರೀಕ್ಷೆಯೊಡನೆ ಕೂಡಿ ಕೇಳುತ್ತದೆ. ಅಂಗಡಿಗೆ ಹೋಗುವವರು ಈ ಪಾಠವನ್ನು ಮರೆಯಬಾರದು.

ಎರಡು ಕಿವಿಗಳಿಂದ ದಿಕ್ಕು ಹೇಗೆ ತಿಳಿಯುತ್ತದೆ ಎಂಬುದನ್ನು 1907ರಲ್ಲಿ ಲಾರ್ಡ್ ರೇಲೆ ವಿವರಿಸಿದನು. ಬಲಗಡೆಯಿಂದ ಬಂದ ಸದ್ದು ಎಡಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ತಡವಾಗಿ ಮುಟ್ಟುತ್ತದೆ. ಎತ್ತರದ ಸ್ವರವಾದರೆ ತಲೆಯೇ ಅಡ್ಡ ಬಂದು, ಎಡಗಿವಿಗೆ ಅದು ತುಸು ಮೆಲ್ಲಗೆ ಕೇಳುತ್ತದೆ. ಈ ಎರಡು ಸೂಕ್ಷ್ಮ ಭೇದಗಳಿಂದ ಮಿದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ.

ಈ ತತ್ತ್ವವನ್ನು ಯಂತ್ರಕ್ಕೆ ಇಳಿಸಿದವನು ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್. 1931ರಲ್ಲಿ ಅವನು ಪತ್ನಿಯೊಡನೆ ಸಿನಿಮಾ ನೋಡಲು ಹೋಗಿದ್ದಾಗ, ಪರದೆಯ ಮೇಲೆ ನಟ ಒಂದು ಬದಿಯಲ್ಲಿದ್ದರೂ ಧ್ವನಿ ಮಾತ್ರ ಒಂದೇ ಸ್ಥಳದಿಂದ ಬರುತ್ತಿರುವುದನ್ನು ಗಮನಿಸಿ, ಧ್ವನಿಯೂ ನಟನ ಹಿಂದೆ ನಡೆಯುವಂತೆ ಮಾಡುವ ದಾರಿ ತನಗೆ ಗೊತ್ತು ಎಂದನಂತೆ. ಆ ವರ್ಷದ ಡಿಸೆಂಬರಿನಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದನು. ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎರಡು ಧ್ವನಿಗಳನ್ನು ಕೊರೆಯುವ ಉಪಾಯವೂ ಅದರಲ್ಲಿತ್ತು. ಸ್ಟೀರಿಯೋ ತಟ್ಟೆಗಳು ಪೇಟೆಗೆ ಬಂದದ್ದು 1958ರ ಹೊತ್ತಿಗೆ. ಅದನ್ನು ಕಾಣಲು ಬ್ಲೂಮ್‌ಲೈನ್ ಇರಲಿಲ್ಲ. 1942ರ ಜೂನ್ ತಿಂಗಳಿನಲ್ಲಿ, ಯುದ್ಧಕಾಲದ ರೇಡಾರ್ ಪರೀಕ್ಷೆಗಾಗಿ ವಿಮಾನದಲ್ಲಿ ಹೋಗಿದ್ದಾಗ ಅಪಘಾತದಲ್ಲಿ ತೀರಿಕೊಂಡನು. ಆಗ ಅವನ ವಯಸ್ಸು 38.

ಬ್ಲೂಮ್‌ಲೈನ್ ಎರಡು ದಾರಿಗಳನ್ನು ಹಿಡಿದರೆ, ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು ಮೂರು ದಾರಿಗಳನ್ನು ಹಿಡಿದರು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ಮೂರು ತಂತಿಮಾರ್ಗಗಳಲ್ಲಿ ವಾಷಿಂಗ್ಟನ್ನಿಗೆ ಕಳುಹಿಸಿ, ಅಲ್ಲಿನ ಸಭಾಂಗಣದಲ್ಲಿ ಎಡ, ನಡು, ಬಲ ಎಂದು ಮೂರು ಕಡೆ ಇರಿಸಿದ ಸ್ಪೀಕರುಗಳಿಂದ ಕೇಳಿಸಿದರು. ನಡುವಿನದು ಏಕೆ ಬೇಕು? ಎರಡೇ ಸ್ಪೀಕರುಗಳಿದ್ದರೆ ನಟ್ಟನಡುವೆ ಕುಳಿತವನಿಗೆ ಮಾತ್ರ ಗಾಯಕಿ ಮಧ್ಯದಲ್ಲಿ ನಿಂತಂತೆ ತೋರುತ್ತದೆ. ಬದಿಯಲ್ಲಿ ಕುಳಿತವನಿಗೆ ಎಲ್ಲವೂ ಹತ್ತಿರದ ಸ್ಪೀಕರಿನ ಕಡೆಗೆ ವಾಲುತ್ತದೆ. ನಡುವೆ ನಿಜವಾಗಿಯೂ ಒಂದು ಸ್ಪೀಕರ್ ಇದ್ದರೆ ಎಲ್ಲರಿಗೂ ನಡು ನಡುವಾಗಿಯೇ ಉಳಿಯುತ್ತದೆ. ಇಂದಿನ ಹೋಂ ಥಿಯೇಟರಿನ ‘ಸೆಂಟರ್ ಸ್ಪೀಕರ್’ ಈ ವಿಚಾರದ ವಂಶದ್ದು. ಈಗಿನ ಚಿತ್ರಗಳಲ್ಲಿ ಮಾತಿನ ಬಹುಪಾಲು ಹೊರಬರುವುದು ಅದರಿಂದಲೇ.

ಮುಂದಿನ ಕಥೆ ಸಿನಿಮಾದ್ದು. 1940ರಲ್ಲಿ ವಾಲ್ಟ್ ಡಿಸ್ನಿ ತನ್ನ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಬಹುಮಾರ್ಗದ ಧ್ವನಿಯನ್ನು ಸಿದ್ಧಪಡಿಸಿದನು. ವೆಚ್ಚ ವಿಪರೀತವಾದ್ದರಿಂದ ಕೆಲವೇ ಚಿತ್ರಮಂದಿರಗಳಿಗೆ ಅದು ಸಲ್ಲಿತು. 1950ರ ದಶಕದಲ್ಲಿ ಟೆಲಿವಿಷನ್ ಜನರನ್ನು ಮನೆಯಲ್ಲಿಯೇ ಕೂರಿಸತೊಡಗಿದಾಗ, ಅವರನ್ನು ಮರಳಿ ಕರೆಯಲು ಚಿತ್ರೋದ್ಯಮ ಅಗಲವಾದ ಪರದೆಯನ್ನೂ ಸುತ್ತುವರಿಯುವ ಧ್ವನಿಯನ್ನೂ ತಂದಿತು. 1952ರ ಸಿನೆರಾಮಾದಲ್ಲಿ ಏಳು ಧ್ವನಿಪಥಗಳಿದ್ದವು. 1953ರ ಸಿನೆಮಾಸ್ಕೋಪಿನಲ್ಲಿ ನಾಲ್ಕು. ಮುಂದೆ ಮೂರು, ಪ್ರೇಕ್ಷಕರ ಸುತ್ತ ಒಂದು. ನಮ್ಮ ದೇಶದಲ್ಲಿ ಬಹುಜನರಿಗೆ ಈ ಅನುಭವ ದೊರೆತದ್ದು 1975ರ ‘ಶೋಲೆ’ ಚಿತ್ರದ 70 ಎಂ.ಎಂ. ಪ್ರತಿಗಳಿಂದ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ಆ ಕಥೆಯಲ್ಲಿ ಚಿಮ್ಮಿದ ನಾಣ್ಯ ಬಿದ್ದ ಸದ್ದು ಕೇಳಿ, ಜನ ತಮ್ಮ ಕುರ್ಚಿಯ ಕೆಳಗೆ ಹುಡುಕಿದರೆಂದು ಹೇಳುವುದುಂಟು. ಟೆಲಿವಿಷನ್ನಿನಿಂದ ಜನರನ್ನು ಬಿಡಿಸಲು ಹುಟ್ಟಿದ ಧ್ವನಿ, ಕೊನೆಗೆ ಟೆಲಿವಿಷನ್ನಿನ ಕೆಳಗೇ ಬಂದು ಕುಳಿತದ್ದು ಕಾಲದ ವಿನೋದ.

ಮನೆಯಲ್ಲಿ ಉತ್ತಮ ನಾದವನ್ನು ಬಯಸಿದವರಲ್ಲಿ ನಮ್ಮ ಮೈಸೂರಿನ ದೊರೆಗಳೂ ಇದ್ದರು. ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿಯೂ ಕರ್ನಾಟಕ ಸಂಗೀತದಲ್ಲಿಯೂ ಆಳವಾದ ಪರಿಶ್ರಮವಿದ್ದವರು. ಲಂಡನ್ನಿನಲ್ಲಿ ನೆಲೆಸಿ, ಲೋಕ ಮರೆಯತೊಡಗಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಅವರದೇ ಕೈಯಿಂದ ಮುದ್ರಿತವಾಗಲೆಂದು ಧನಸಹಾಯ ಮಾಡಿದರು. 1949ರಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಎರಡು ವರ್ಷಗಳ ತರುವಾಯ ಮೆಟ್ನರ್ ತೀರಿಕೊಂಡರು. ಆ ನಾದ ಇಂದಿಗೂ ಉಳಿದಿದೆ. ಯಂತ್ರವನ್ನು ಕೊಂಡವರು ಅನೇಕರು. ಅದರೊಳಗೆ ಏನು ಉಳಿಯಬೇಕು ಎಂದು ಯೋಚಿಸಿ ಹಣ ತೆತ್ತವರು ವಿರಳ.

ಈಗ ಸ್ಪೀಕರಿನ ಪೆಟ್ಟಿಗೆಯ ವಿಷಯ. ಇಂದಿಗೂ ಬಳಕೆಯಲ್ಲಿರುವ ಸುರುಳಿ ಮತ್ತು ಶಂಕುವಿನ ಸ್ಪೀಕರನ್ನು 1925ರಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಲೋಕದ ಮುಂದಿಟ್ಟರು. ಆದರೆ ಮೃದಂಗದ ಎಡಭಾಗದಂತಹ ತಗ್ಗಿನ ನಾದ ಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಜೆಯ ತರಗತಿಗಳಲ್ಲಿ ಧ್ವನಿವಿಜ್ಞಾನ ಪಾಠ ಹೇಳುತ್ತಿದ್ದ ಎಡ್ಗರ್ ವಿಲ್ಚರ್ ಇದಕ್ಕೆ ಪರಿಹಾರ ಕಂಡನು. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪೀಕರಿಗೆ ಸ್ಪ್ರಿಂಗಿನಂತೆ ವರ್ತಿಸುವ ಹಾಗೆ ಮಾಡಿದನು. ತನ್ನ ತರಗತಿಯಲ್ಲಿಯೇ ಇದ್ದ ಹೆನ್ರಿ ಕ್ಲಾಸ್ ಎಂಬ ಶಿಷ್ಯನ ಜೊತೆಗೂಡಿ 1954ರಲ್ಲಿ ‘ಎ.ಆರ್. 1’ ಸ್ಪೀಕರನ್ನು ಹೊರತಂದನು. ಅಲ್ಲಿಂದ ಮುಂದೆ ಗಂಭೀರ ನಾದ ಪುಸ್ತಕದ ಕಪಾಟಿನಲ್ಲಿ ಹಿಡಿಯುವಂತಾಯಿತು. ಗುರುಶಿಷ್ಯರ ಈ ಕಥೆ ಮೇಷ್ಟರಾದ ನನಗೆ ಬಹಳ ಹಿಡಿಸಿತು. ವಿಲ್ಚರನ ಕಥೆ ಇಲ್ಲಿಗೆ ಮುಗಿಯುವುದಿಲ್ಲ.

ಬೋಸ್ ಎಂಬ ಹೆಸರು ಎಲ್ಲರಿಗೂ ಪರಿಚಿತ. ಸ್ವಾತಂತ್ರ್ಯ ಚಳವಳಿಯಲ್ಲಿದ್ದು ಅಮೆರಿಕಕ್ಕೆ ಹೋದ ಬಂಗಾಳಿ ತಂದೆಯ ಮಗ ಅಮರ್ ಬೋಸ್. 1956ರಲ್ಲಿ ಅವರು ಅಂಕಿ ಅಂಶಗಳನ್ನೆಲ್ಲ ಪರಿಶೀಲಿಸಿ ಒಂದು ದುಬಾರಿ ಸ್ಟೀರಿಯೋ ಕೊಂಡರು. ಮನೆಗೆ ತಂದು ಕೇಳಿದರೆ, ಬಾಲ್ಯದಲ್ಲಿ ಪಿಟೀಲು ಕಲಿತಿದ್ದ ಅವರ ಕಿವಿಗೆ ಪಿಟೀಲು ಪಿಟೀಲಿನಂತೆ ಕೇಳಲಿಲ್ಲ. ಅಂಕಿಗಳು ಸರಿಯಾಗಿದ್ದೂ ನಾದ ಏಕೆ ಸರಿಯಿಲ್ಲ ಎಂಬ ಪ್ರಶ್ನೆಯೇ ಅವರನ್ನು ಧ್ವನಿಶಾಸ್ತ್ರಕ್ಕೆ ಎಳೆಯಿತು. ಸಂಗೀತ ಸಭಾಂಗಣದಲ್ಲಿ ನಮ್ಮ ಕಿವಿಗೆ ಬರುವ ನಾದದ ಹೆಚ್ಚಿನ ಪಾಲು ವಾದ್ಯದಿಂದ ನೇರವಾಗಿ ಬಂದುದಲ್ಲ, ಗೋಡೆ ಛಾವಣಿಗಳಿಗೆ ತಾಗಿ ಬಂದುದು ಎಂಬುದನ್ನು ಅವರು ಮುಖ್ಯವೆಂದು ಹಿಡಿದರು. 1964ರಲ್ಲಿ ಕಂಪೆನಿ ಕಟ್ಟಿದರು. 2011ರಲ್ಲಿ ಅದರ ಷೇರುಗಳ ಬಹುಪಾಲನ್ನು ತಾವು ಕಲಿತು ಕಲಿಸಿದ ಎಂ.ಐ.ಟಿ. ವಿದ್ಯಾಸಂಸ್ಥೆಗೆ ಕೊಟ್ಟರು.

ಗೋಡೆಗಳ ಮಾತು ಬಂದಿತು. ಬಿಜಾಪುರದ ಗೋಳಗುಮ್ಮಟವನ್ನು ಕಂಡವರಿಗೆ ಕಟ್ಟಡವೂ ಒಂದು ವಾದ್ಯವೆಂದು ಬೇರೆ ಹೇಳಬೇಕಾಗಿಲ್ಲ. ಶಾಲೆಯ ಪ್ರವಾಸದಲ್ಲಿ ಮಕ್ಕಳು ಅಲ್ಲಿ ಕೂಗಿ ಕೂಗಿ ಪ್ರತಿಧ್ವನಿಯನ್ನು ಎಣಿಸುತ್ತಿದ್ದರು. ಆದರೆ ಅಲ್ಲಿ ನಿಂತು ನಾನು ಹೇಳಿದ ಪಾಠ ಒಬ್ಬರಿಗೂ ತಿಳಿಯುತ್ತಿರಲಿಲ್ಲ, ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುತ್ತಿತ್ತು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಮಂದಿರದಲ್ಲಿಯೂ ಇದೇ ತೊಂದರೆ ಎದುರಾಗಿತ್ತು. ಸದ್ದು ಸುಮಾರು 5.5 ಸೆಕೆಂಡು ಅಲ್ಲಿಯೇ ಸುಳಿಯುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕ ರಾತ್ರಿಯ ನಿಶ್ಶಬ್ದದಲ್ಲಿ, ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು, ಆರ್ಗನ್ನಿನ ಒಂದು ಕೊಳವೆಯನ್ನು ಊದಿಸಿ, ಸದ್ದು ಅಡಗುವ ಕಾಲವನ್ನು ಗಡಿಯಾರದಿಂದ ಅಳೆದನು. ಮೆತ್ತೆ ಹೆಚ್ಚಿದಷ್ಟೂ ಸದ್ದು ಬೇಗ ಅಡಗಿತು, ಮಾತು ತಿಳಿಯಾಯಿತು. ಆ ಲೆಕ್ಕದ ಮೇಲೆಯೇ 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ಕಟ್ಟಲ್ಪಟ್ಟಿತು. ನುಣುಪಾದ ಗ್ರಾನೈಟ್ ನೆಲ, ಬರಿಯ ಗೋಡೆ, ಗಾಜಿನ ಕಿಟಕಿಗಳ ಇಂದಿನ ಪಡಸಾಲೆಗಳು ಸಬೈನನ ಹಳೆಯ ಮಂದಿರದ ಚಿಕ್ಕ ಪ್ರತಿಗಳೇ. ಅಂತಹ ಕೋಣೆಯಲ್ಲಿ ಲಕ್ಷ ರೂಪಾಯಿಯ ಸ್ಪೀಕರಿಗಿಂತ ಜಮಖಾನೆಯೂ ದಪ್ಪ ಪರದೆಯೂ ಮೊದಲು ಬೇಕು.

1970ರ ದಶಕದಲ್ಲಿ ನಾಲ್ಕು ಸ್ಪೀಕರುಗಳ ‘ಕ್ವಾಡ್ರಫೋನಿಕ್’ ಪದ್ಧತಿ ಮನೆಗಳಿಗೆ ಬರಲು ಯತ್ನಿಸಿ ಸೋತಿತು. ಕಂಪೆನಿಗೊಂದು ಪದ್ಧತಿ, ಒಂದರ ತಟ್ಟೆ ಇನ್ನೊಂದರಲ್ಲಿ ಸರಿಯಾಗಿ ಕೇಳದು. ಗ್ರಾಹಕ ಬೇಸತ್ತನು. ಭಾರತದಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ಸಲಹೆಗಾರರಾಗಿ ಎರಡು ವರ್ಷ ಇದ್ದು, 1965ರಲ್ಲಿ ಲಂಡನ್ನಿನಲ್ಲಿ ಪ್ರಯೋಗಾಲಯ ತೆರೆದ ರೇ ಡಾಲ್ಬಿ ಅವರ ಸಂಸ್ಥೆ ಬೇರೆ ದಾರಿ ಹಿಡಿಯಿತು. ಎರಡೇ ಪಥಗಳೊಳಗೆ ನಾಲ್ಕು ಧ್ವನಿಗಳನ್ನು ಹೆಣೆದಿಟ್ಟು, 1977ರ ‘ಸ್ಟಾರ್ ವಾರ್ಸ್’ ಚಿತ್ರದಿಂದ ಹೆಸರಾಯಿತು. 1982ರಲ್ಲಿ ಅದರ ಸರಳ ರೂಪ ಮನೆಗೆ ಬಂದಿತು. 1987ರ ‘ಪ್ರೊ ಲಾಜಿಕ್’ ಮನೆಯಲ್ಲಿಯೂ ನಡುವಿನ ಧ್ವನಿಯನ್ನು ಬಿಡಿಸಿ ಕೊಟ್ಟಿತು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಡಿಜಿಟಲ್ ಧ್ವನಿಯನ್ನೂ, 1993ರಲ್ಲಿ ‘ಜುರಾಸಿಕ್ ಪಾರ್ಕ್’ ಡಿ.ಟಿ.ಎಸ್. ಪದ್ಧತಿಯನ್ನೂ ತಂದವು. 1996ರಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಹೊರಬಂದ ಮೇಲೆ 5.1 ಮನೆಮಾತಾಯಿತು. ಐದು ಪೂರ್ಣ ಧ್ವನಿಗಳು, ಜೊತೆಗೆ ತಗ್ಗಿನ ಗುಡುಗಿಗಾಗಿ ಮಾತ್ರ ಇರುವ ಒಂದು ಅಲ್ಪಭಾಗ. ಅದು ಪೂರ್ಣವಲ್ಲವಾದ್ದರಿಂದ ‘.1’. ಸುಮಾರು 80 ಹರ್ಟ್ಸ್‌ಗಿಂತ ತಗ್ಗಿದ ಸದ್ದಿನ ದಿಕ್ಕು ನಮ್ಮ ಕಿವಿಗೆ ಸುಲಭವಾಗಿ ತಿಳಿಯದು. ಅಂತಹ ಒಂದು ಅಲೆಯ ಉದ್ದವೇ ನಾಲ್ಕು ಮೀಟರಿಗಿಂತ ಹೆಚ್ಚು. ಆದುದರಿಂದ ಸಬ್‌ವೂಫರನ್ನು ಮೂಲೆಯಲ್ಲಿಟ್ಟರೂ ನಡೆಯುತ್ತದೆ. 2012ರ ‘ಬ್ರೇವ್’ ಚಿತ್ರದಿಂದ ಮೊದಲಾದ ‘ಅಟ್ಮಾಸ್’ ಪದ್ಧತಿ ತಲೆಯ ಮೇಲಿಂದಲೂ ಧ್ವನಿ ಬರುವಂತೆ ಮಾಡಿತು. 5.1.2ರ ಕೊನೆಯ ‘2’ ಮೇಲಿನಿಂದ ಬರುವ ಧ್ವನಿಗಾಗಿ ಇರುವ ಎರಡು ಸ್ಪೀಕರುಗಳು.

ವ್ಯಾಟುಗಳ ವಿಷಯ ಒಂದು ಮಾತು. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಟೇಪ್‌ರೆಕಾರ್ಡರುಗಳ ಮೇಲೆ ‘ಪಿ.ಎಂ.ಪಿ.ಒ.’ ಎಂದು ದೊಡ್ಡ ಅಂಕಿ ಬರೆದಿರುತ್ತಿದ್ದರು. ಅದಕ್ಕೆ ಯಾವ ನಿಶ್ಚಿತ ಮಾನವೂ ಇರಲಿಲ್ಲ. ನೋಡಬೇಕಾದದ್ದು ಸತತವಾಗಿ ಕೊಡಬಲ್ಲ ‘ಆರ್.ಎಂ.ಎಸ್.’ ಶಕ್ತಿ. ಅದರಲ್ಲಿಯೂ ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟೆಂದು ತೋರಬೇಕಾದರೆ ಸುಮಾರು ಹತ್ತರಷ್ಟು ಶಕ್ತಿ ಬೇಕು. ಹೆಸರಿನ ಮೋಹವೂ ಹಾಗೆಯೇ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರುಗಳನ್ನು ಪರದೆಯ ಹಿಂದೆ ಇಟ್ಟಾಗ ಕೇಳುಗರು ಕೊಟ್ಟ ಅಂಕಗಳಿಗೂ ಕಣ್ಣಿಗೆ ಕಾಣುವಂತೆ ಇಟ್ಟಾಗ ಕೊಟ್ಟ ಅಂಕಗಳಿಗೂ ವ್ಯತ್ಯಾಸ ಬಂದಿತು. ಎಡಿಸನ್ನನ ಸಭಿಕರು ಎಲ್ಲಿಗೂ ಹೋಗಿಲ್ಲ, ನಮ್ಮೊಳಗೇ ಇದ್ದಾರೆ.

ಇಷ್ಟೆಲ್ಲ ಓದಿಕೊಂಡು, ನಮ್ಮ ಮನೆಯವರನ್ನೂ ಕರೆದುಕೊಂಡು ಪಟ್ಟಣದ ಒಂದು ಅಂಗಡಿಗೆ ಹೋದೆನು. ಅಂಗಡಿಯ ಹುಡುಗ ದೀಪ ಮಂದಮಾಡಿ, ಸೇತುವೆ ಸಿಡಿಯುವ ಒಂದು ದೃಶ್ಯ ಹಾಕಿದನು. ನೆಲ ನಡುಗಿತು. “ಹೇಗಿದೆ ಸಾರ್?” ಎಂದನು. ಸಿಡಿಯುವುದು ಸಾಕು, ಇಬ್ಬರು ಕುಳಿತು ಮಾತಾಡುವ ದೃಶ್ಯವೊಂದನ್ನು ಹಾಕಪ್ಪಾ ಎಂದೆನು. ಹಾಕಿದನು. ಕನ್ನಡ ಚಿತ್ರವೇ. ಮುಗಿದ ಮೇಲೆ ಇವರ ಕಡೆ ತಿರುಗಿ, ಏನು ಹೇಳಿದರು ಅವರು ಎಂದು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ, “ಶಬ್ದ ಚೆನ್ನಾಗೇ ಕೇಳುತ್ತೆ ಕಣ್ರೀ. ಮಾತೇ ಗೊತ್ತಾಗೋಲ್ಲ. ಮನೆಯಲ್ಲೂ ಹಾಗೇನೇ” ಎಂದರು.

ಎರಡು ವರ್ಷಗಳಿಂದ ಅವರು ಟಿ.ವಿ.ಯ ಮುಂದೆ ಕೂರುವುದನ್ನು ಬಿಟ್ಟು ಒಳಗೆ ಹೂ ಕಟ್ಟುತ್ತ ಕೂರುತ್ತಿದ್ದರು. ಆಸಕ್ತಿ ಕುಂದಿರಬೇಕೆಂದು ನಾನು ತಿಳಿದಿದ್ದೆನು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. ಸ್ವರಾಕ್ಷರಗಳ ಬಲವಿರುವುದು ತಗ್ಗಿನಲ್ಲಿ. ಕ, ತ, ಪ, ಸ, ಶಗಳನ್ನು ಗುರುತಿಸುವ ಸುಳಿವು ಹೆಚ್ಚಾಗಿ ಇರುವುದು ಎತ್ತರದಲ್ಲಿ. ಆದುದರಿಂದ ಸದ್ದು ಕೇಳುತ್ತದೆ, ಆದರೆ ಹಾಲು, ಕಾಲು, ಸಾಲು, ಪಾಲು ಎಲ್ಲವೂ ಒಂದೇ ಆಗುತ್ತವೆ. ಇದನ್ನು ಪಾಠ ಹೇಳಿದವನು ನಾನೇ. ಕಿವಿ ಮಂದವಿದ್ದ ಹುಡುಗರನ್ನು ಹುಡುಕಿ ಮೊದಲ ಬೆಂಚಿಗೆ ಕೂರಿಸುತ್ತಿದ್ದವನೂ ನಾನೇ. ಮನೆಯೊಳಗೆ ಮಾತ್ರ ಕಾಣಲಿಲ್ಲ.

ಮಾರನೆಯ ವಾರ ಅವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದೆನು. ಎರಡೂ ಕಿವಿಗಳಿಗೆ ಶ್ರವಣ ಸಾಧನ ಬೇಕೆಂದರು. ಆ ಸಾಧನದ ಬಗೆಗೆ ಓದುವಾಗ ಒಂದು ಪರಿಚಿತ ಹೆಸರು ಎದುರಾಯಿತು. ಅದೇ ಎಡ್ಗರ್ ವಿಲ್ಚರ್. 1967ರಲ್ಲಿ ಕಂಪೆನಿಯನ್ನು ಮಾರಿ ಹೊರಬಂದ ಅವನು ಕಿವಿ ಮಂದವಾದವರ ಕಷ್ಟದ ಕಡೆಗೆ ತಿರುಗಿದನು. ಎಲ್ಲವನ್ನೂ ಒಂದೇ ಸಮನೆ ಜೋರು ಮಾಡಿದರೆ ಸಾಲದು, ತಗ್ಗು ಎತ್ತರಗಳನ್ನು ಬೇರ್ಪಡಿಸಿ, ಮೆಲ್ಲನೆಯ ಸದ್ದನ್ನು ಹೆಚ್ಚು ಏರಿಸಿ, ಜೋರಾದುದನ್ನು ಕಡಿಮೆ ಏರಿಸಬೇಕು ಎಂದು 1973ರಲ್ಲಿ ಪ್ರಕಟಿಸಿದನು. ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟನು. ಇಂದಿನ ಶ್ರವಣ ಸಾಧನಗಳಲ್ಲಿ ಆ ತತ್ತ್ವ ಸಾಮಾನ್ಯವಾಗಿದೆ. 2011ರಲ್ಲಿ ತನ್ನ 94ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು.

ಮಗನ ಹಣದ ಹೆಚ್ಚಿನ ಭಾಗ ಆ ಎರಡು ಸಾಧನಗಳಿಗೆ ಹೋಯಿತು. ಉಳಿದುದರಲ್ಲಿ ಎಡ, ಬಲ, ನಡು ಎಂದು ಮೂರೇ ಸ್ಪೀಕರುಗಳನ್ನು ಕೊಂಡೆವು. ನಡುವಿನದಕ್ಕೆ ಹೆಚ್ಚು ಹಣ ಕೊಟ್ಟು, ಅದನ್ನು ಷೋಕೇಸಿನ ಗಾಜಿನೊಳಗೆ ಸೇರಿಸದೆ, ಕುಳಿತಾಗ ಕಿವಿಯ ಮಟ್ಟಕ್ಕೆ ಬರುವಂತೆ ಹೊರಗೆ ಇಟ್ಟಿದ್ದೇವೆ. ಅಟ್ಟದಲ್ಲಿದ್ದ ಹಳೆಯ ಜಮಖಾನೆ ನೆಲಕ್ಕೆ ಬಂದಿದೆ. ಸಬ್‌ವೂಫರ್ ಇಲ್ಲ. ಮಗ ಫೋನಿನಲ್ಲಿ, “ಇಷ್ಟೇನಾ ಅಪ್ಪಾ?” ಎಂದನು. ಇಷ್ಟೇ ಎಂದೆನು.

ಯಾವುದನ್ನು ಕೊಳ್ಳಬೇಕೆಂದು ಕೇಳುವ ಮಿತ್ರರಿಗೆ ನಾನು ಹೇಳುವುದು ಇಷ್ಟು. ಮೊದಲು ಮನೆಯವರ ಕಿವಿಯನ್ನು ನೋಡಿ, ಆಮೇಲೆ ಕೋಣೆಯನ್ನು ನೋಡಿ, ಕೊನೆಗೆ ಯಂತ್ರವನ್ನು ನೋಡಿ. ಅಂಗಡಿಯಲ್ಲಿ ಸಿಡಿಮದ್ದನ್ನು ಕೇಳಬೇಡಿ, ಮಾತನ್ನು ಕೇಳಿ. ನಿನ್ನೆ ರಾತ್ರಿ ಒಂದು ಹಳೆಯ ಹಾಸ್ಯಚಿತ್ರ ನೋಡುತ್ತಿದ್ದಾಗ, ನನಗೆ ತಿಳಿಯದೇ ಹೋದ ಒಂದು ಮಾತಿಗೆ ನಮ್ಮ ಮನೆಯವರು ನಕ್ಕರು. ಏನದು ಎಂದು ನಾನೇ ಕೇಳಬೇಕಾಯಿತು. ಮುಂದಿನ ತಿಂಗಳು ನನ್ನ ಕಿವಿಯನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದಿದ್ದೇನೆ.